ಯಾವ ತೋಟಕ್ಕೆ ಯಾವ ಕಾಲಂಬೈನ್: ಆರಿಸುವ ಮುನ್ನ ನೋಡಬೇಕಾದ ಸಂಗತಿಗಳು

ಕಾಲಂಬೈನ್ ಬೀಜವನ್ನು ಹೆಚ್ಚಿನವರು ಪೊಟ್ಟಣದ ಮೇಲಿನ ಚಿತ್ರ ನೋಡಿ ಕೊಳ್ಳುತ್ತಾರೆ. ನೀಲಿ-ಬಿಳಿ ಹೂವಿನ ರಾಕಿ ಪರ್ವತದ ಜಾತಿಯ ಚಿತ್ರ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅದನ್ನು ಅಮೆರಿಕದ ಬಿಸಿ ಊರಾದ ಡಾಲಸ್‌ನ ಹಿತ್ತಲಲ್ಲಿ ನೆಟ್ಟರೆ ಗಿಡ ಒಂದು ಬೇಸಿಗೆ ದಾಟುವುದೂ ಕಷ್ಟ. ಅದೇ ಹಿತ್ತಲಲ್ಲಿ ಹಳದಿ ಹೂವಿನ ಇನ್ನೊಂದು ಜಾತಿ ಹಲವು ವರ್ಷ ಹೂ ಬಿಡುತ್ತದೆ. ಆದ್ದರಿಂದ ಕಾಲಂಬೈನ್ ಆರಿಸುವಾಗ ನಿಮ್ಮ ಊರಿನ ಬೇಸಿಗೆ ಎಷ್ಟು ಬಿಸಿ, ಚಳಿಗಾಲ ಎಷ್ಟು ತಂಪು, ಮಣ್ಣಿನಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಮೂರನ್ನು ಮೊದಲು ನೋಡಿಕೊಳ್ಳಿ. ಬಣ್ಣವನ್ನು ಆಮೇಲೆ ನೋಡಿದರಾಯಿತು.

ಕಾಲಂಬೈನ್ ಎಂದರೆ ಅಕ್ವಿಲೀಜಿಯಾ ಕುಲದ ಗಿಡಗಳು. ನಮ್ಮ ಅಡುಗೆಮನೆಯ ಕೃಷ್ಣ ಜೀರಿಗೆಯೂ ಇದೇ ಸಸ್ಯಕುಟುಂಬದ್ದು. ಉತ್ತರ ಗೋಳಾರ್ಧದ ತಂಪು ಪ್ರದೇಶಗಳಲ್ಲಿ ಇದರ ಹಲವಾರು ಜಾತಿಗಳಿವೆ. ಐದು ದಳಗಳ ಹಿಂಭಾಗ ಐದು ಬಾಲಗಳಾಗಿ ಚಾಚಿಕೊಂಡಿರುತ್ತದೆ. ಮಕರಂದ ಇರುವುದು ಆ ಬಾಲದ ತುದಿಯಲ್ಲಿ. ಯಾವ ಜೀವಿ ಬಂದು ಹೀರುತ್ತದೆ ಎಂಬುದು ಬಾಲದ ಉದ್ದವನ್ನು ಅವಲಂಬಿಸಿದೆ. ಮೋಟು ಬಾಲದ ಹೂವಿಗೆ ದುಂಬಿ, ಕೆಂಪು ನೆಟ್ಟಗಿನ ಬಾಲಕ್ಕೆ ಹಮ್ಮಿಂಗ್‌ಬರ್ಡ್, ಉದ್ದ ಬಾಲದ ತಿಳಿಬಣ್ಣದ ಹೂವಿಗೆ ಮುಸ್ಸಂಜೆಯಲ್ಲಿ ಹಾರುವ ಹಾಕ್‌ಮಾತ್ ಪತಂಗ. ತೋಟಕ್ಕೆ ಹಕ್ಕಿ ಬರಲಿ ಎಂಬ ಆಸೆಯಿದ್ದರೆ ಇದೂ ಆಯ್ಕೆಯ ಒಂದು ಆಧಾರ.

ಜಾತಿಗಳ ನಡುವೆ

ನ್ಯೂಜೆರ್ಸಿ, ಬಾಸ್ಟನ್, ವರ್ಜೀನಿಯಾ, ಶಿಕಾಗೊ, ಟೊರಾಂಟೊ ಕಡೆ ಇರುವವರಿಗೆ ಮೊದಲ ಆಯ್ಕೆ ಅಕ್ವಿಲೀಜಿಯಾ ಕ್ಯಾನಡೆನ್ಸಿಸ್ ಎಂಬ ಜಾತಿ (ಮುಂದೆ ಜಾತಿಯ ಹೆಸರನ್ನಷ್ಟೇ ಬರೆದಿದೆ) ಎಂದು ಧೈರ್ಯವಾಗಿ ಹೇಳಬಹುದು. ಅದು ಆ ನೆಲದ್ದೇ ಗಿಡ. ಕೆಂಪು ಬಾಲ, ಹಳದಿ ಒಳಭಾಗ, ತಲೆ ತಗ್ಗಿಸಿದ ಹೂ, ಎತ್ತರ 30ರಿಂದ 90 ಸೆಂ.ಮೀ. ಏಪ್ರಿಲ್-ಮೇ ತಿಂಗಳಲ್ಲಿ, ಹಮ್ಮಿಂಗ್‌ಬರ್ಡ್‌ಗಳು ದಕ್ಷಿಣದಿಂದ ಮರಳುವ ಹೊತ್ತಿಗೆ ಅರಳುತ್ತದೆ. ಎಲೆ ಉದುರುವ ಮರಗಳ ಕೆಳಗಿನ ಅರೆನೆರಳು, ಕಲ್ಲು ಬೆರೆತ ಮಣ್ಣು, ಸುಣ್ಣದಂಶದ ನೆಲ ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ಇದಕ್ಕೆ ಆಗದಿರುವುದು ಅತಿಯಾದ ಆರೈಕೆ. ಗೊಬ್ಬರ ಹೆಚ್ಚಾದರೆ ಎಲೆ ಸೊಕ್ಕಿ, ಕಾಂಡ ಸಡಿಲವಾಗಿ ಬಾಗುತ್ತದೆ, ಹೂ ಕಡಿಮೆಯಾಗುತ್ತದೆ. ಎಲೆಯೊಳಗೆ ಸುರಂಗ ಕೊರೆಯುವ ರಂಗೋಲಿ ಹುಳುವಿನ ಕಾಟವೂ ಹೈಬ್ರಿಡ್‌ಗಳಿಗಿಂತ ಇದರಲ್ಲಿ ಕಡಿಮೆ. ಕೆಂಪು ಬೇಡವೆನ್ನುವವರಿಗೆ ಇದೇ ಜಾತಿಯಲ್ಲಿ ತಿಳಿಹಳದಿಯ ‘ಕಾರ್ಬೆಟ್’ ಇದೆ. ಕುಂಡಕ್ಕೆ ಬೇಕಾದರೆ 25 ಸೆಂ.ಮೀ. ಆಸುಪಾಸಿನ ‘ಲಿಟಲ್ ಲ್ಯಾಂಟರ್ನ್ಸ್’ ಇದೆ.

ಕ್ಯಾಲಿಫೋರ್ನಿಯಾದ ಬೇ ಏರಿಯಾ, ಪೋರ್ಟ್‌ಲ್ಯಾಂಡ್, ಸಿಯಾಟಲ್ ಕಡೆ ಕ್ಯಾನಡೆನ್ಸಿಸ್ ಬದಲು ಫಾರ್ಮೋಸಾ ನೆಡಿ. ನೋಟದಲ್ಲಿ ಎರಡೂ ಹತ್ತಿರ, ಬಣ್ಣವೂ ಅದೇ ಕೆಂಪು-ಹಳದಿ. ಆದರೆ ಫಾರ್ಮೋಸಾ ಪಶ್ಚಿಮ ಕರಾವಳಿಯದ್ದೇ ಜಾತಿ, ತೊರೆಯ ಅಂಚಿನಲ್ಲಿ ಬೆಳೆಯುವಂಥದ್ದು. ಬೇ ಏರಿಯಾದ ಬೇಸಿಗೆಯಲ್ಲಿ ಮಳೆಯಿರುವುದಿಲ್ಲ. ಆಗ ವಾರಕ್ಕೊಮ್ಮೆ ಆಳವಾಗಿ ನೀರು ಕೊಡದಿದ್ದರೆ ಎಲೆ ಒಣಗಿ ಗಿಡ ಮಲಗಿಬಿಡುತ್ತದೆ. ಸತ್ತಿತೆಂದು ಕಿತ್ತು ಹಾಕಬೇಡಿ. ಬುಡ ಗಟ್ಟಿಯಾಗಿದ್ದರೆ ಚಳಿಗಾಲದ ಮಳೆಗೆ ಮತ್ತೆ ಚಿಗುರುತ್ತದೆ.

ಈಗ ಎಲ್ಲರೂ ಆಸೆಪಡುವ ನೀಲಿ ಹೂವಿನ ಕೇರುಲಿಯಾ. 1899ರಿಂದ ಇದು ಕೊಲೊರಾಡೊ ರಾಜ್ಯದ ಹೂ. ಅಲ್ಲಿನ ಸಾರ್ವಜನಿಕ ಜಾಗಗಳಲ್ಲಿ ಈ ಗಿಡವನ್ನು ಬೇರು ಸಹಿತ ಕೀಳುವುದನ್ನು 1925ರ ಕಾನೂನು ನಿಷೇಧಿಸಿದೆ. ಬೆಟ್ಟಕ್ಕೆ ಹೋದಾಗ ಒಂದು ಗಿಡ ಮನೆಗೆ ತರೋಣ ಎಂದು ಯೋಚಿಸಬೇಡಿ, ನರ್ಸರಿಯಿಂದಲೇ ಕೊಳ್ಳಿ. ಹೂ ದೊಡ್ಡದು, ಬಾಲ 5 ಸೆಂ.ಮೀ.ವರೆಗೂ ಉದ್ದ. ಇದು ಎತ್ತರದ ಬೆಟ್ಟದ ಗಿಡವಾದ್ದರಿಂದ ಹಗಲು ಎಷ್ಟೇ ಬಿಸಿಲಿದ್ದರೂ ರಾತ್ರಿ ತಂಪಾಗಲೇಬೇಕು. ಡೆನ್ವರ್, ಸಾಲ್ಟ್ ಲೇಕ್ ಸಿಟಿ, ಕೆನಡಾದ ಕ್ಯಾಲ್ಗರಿಯಂಥ ಕಡೆ ನೆಮ್ಮದಿಯಾಗಿರುತ್ತದೆ. ರಾತ್ರಿಯೂ ಸೆಖೆ ಕುದಿಯುವ ಅಟ್ಲಾಂಟಾ, ಹ್ಯೂಸ್ಟನ್‌ಗಳಲ್ಲಿ ಬುಡ ಕೊಳೆತು ಹೋಗುತ್ತದೆ. ಅಲ್ಲಿ ಇದಕ್ಕೆ ಹಣ ಹಾಕಬೇಡಿ.

ಅಂಥ ಬಿಸಿ ಊರುಗಳಿಗೆ ಇರುವುದು ಕ್ರೈಸ್ಯಾಂಥಾ. ಅರಿಜೋನಾ, ನ್ಯೂ ಮೆಕ್ಸಿಕೊ, ಮೆಕ್ಸಿಕೊದ ಉತ್ತರ ಭಾಗದ ಮಲೆಗಳದ್ದು. ಪೂರ್ತಿ ಹಳದಿ ಹೂ, ಉದ್ದ ಬಾಲ, 75ರಿಂದ 90 ಸೆಂ.ಮೀ. ಎತ್ತರ. ನಮ್ಮ ಲೆಕ್ಕದಲ್ಲಿ ಇಡೀ ಕುಲದಲ್ಲಿ ಅತಿ ಕಡಿಮೆ ಹೊಗಳಿಸಿಕೊಂಡ, ಅತಿ ಹೆಚ್ಚು ನಂಬಬಹುದಾದ ಗಿಡ ಇದು. ಬೇರೆ ಜಾತಿಗಳಿಗಿಂತ ಹೆಚ್ಚು ವಾರ ಹೂ ಬಿಡುತ್ತದೆ. ಇದರದೇ ಒಂದು ಉಪಬಗೆ ಹಿಂಕ್ಲಿಯಾನಾ. ಅದು ಕಾಡುಗಿಡವಾಗಿ ಪಶ್ಚಿಮ ಟೆಕ್ಸಸ್‌ನ ಕಪೋಟೆ ಜಲಪಾತದ ಬಳಿ ಮಾತ್ರ ಸಿಗುವಂಥದ್ದು, ‘ಟೆಕ್ಸಸ್ ಗೋಲ್ಡ್’ ಹೆಸರಿನಲ್ಲಿ ನರ್ಸರಿಗಳಿಗೆ ಬಂದಿದೆ. ಡಾಲಸ್, ಆಸ್ಟಿನ್‌ನವರು ಇದನ್ನೇ ಕೇಳಿ ಕೊಳ್ಳಿ. ಮಧ್ಯಾಹ್ನದ ನಂತರ ನೆರಳು ಬೀಳುವ ಜಾಗ, ನೀರು ಬಸಿಯುವ ಮಣ್ಣು ಇಷ್ಟಿದ್ದರೆ ಸಾಕು. ಬಿಸಿಲಿಗಿಂತ ಇದನ್ನು ಬೇಗ ಕೊಲ್ಲುವುದು ಜಿಗುಟು ಕಪ್ಪುಮಣ್ಣಿನಲ್ಲಿ ನಿಂತ ನೀರು. ಅಂಥ ನೆಲದಲ್ಲಿ 20 ಸೆಂ.ಮೀ. ಎತ್ತರದ ಏರುಮಡಿ ಮಾಡಿ ನೆಡಬೇಕು.

ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಇರುವವರಿಗೆ ವಲ್ಗ್ಯಾರಿಸ್ ಹತ್ತಿರದ ಗಿಡ. ಬಾಲ ಮೋಟು, ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ನೀಲಿ, ನೇರಳೆ, ಗುಲಾಬಿ, ಬಿಳಿ, ಕಪ್ಪೆನ್ನಿಸುವಷ್ಟು ಗಾಢ ನೇರಳೆ ಎಲ್ಲವೂ ಇದರಲ್ಲಿವೆ. ಬೇರೆ ಜಾತಿಗಳು ಸಹಿಸದ ಜೇಡಿಮಣ್ಣನ್ನೂ ಸಾಕಷ್ಟು ಸಹಿಸುತ್ತದೆ. ಎರಡು ತೊಡಕುಗಳಿವೆ. ಒಂದು, ಬೀಜ ಉದುರಿಸಿಕೊಂಡು ಕಂಡಲ್ಲೆಲ್ಲ ಹುಟ್ಟುತ್ತದೆ. ಇಟ್ಟಿಗೆ ಹಾಸಿನ ಸಂದಿನಲ್ಲೂ ಬರುತ್ತದೆ. ಎರಡನೆಯದು ಗಂಭೀರ. ಬ್ರಿಟನ್‌ನಲ್ಲಿ 2013ರಿಂದ ಡೌನಿ ಮಿಲ್‌ಡ್ಯೂ ಎನ್ನುವ ಬೂಜು ತುಪ್ಪಟ ರೋಗ ಕಾಣಿಸಿಕೊಂಡಿದೆ. ಎಲೆಯ ಮೇಲೆ ನರಗಳ ನಡುವೆ ಹಳದಿ ಪಟ್ಟೆ, ಅದೇ ಜಾಗದ ಅಡಿಭಾಗದಲ್ಲಿ ಬಿಳಿ ಬೂಜು, ಆಮೇಲೆ ಎಲೆ ಕಂದಾಗುವುದು, ಮೊಗ್ಗು ಅರಳದೆ ಬಾಡುವುದು ಇದರ ಲಕ್ಷಣ. ಮನೆತೋಟದವರ ಬಳಿ ಇದಕ್ಕೆ ಔಷಧಿಯಿಲ್ಲ. ಗಿಡವನ್ನು ಕಿತ್ತು ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಮನೆಯ ಗೊಬ್ಬರದ ಗುಂಡಿಗೆ ಹಾಕಲೇಬಾರದು. ರೋಗದ ಬೀಜಕಣ ಮಣ್ಣಿನಲ್ಲಿ ಉಳಿಯುವುದರಿಂದ ಆ ಜಾಗದಲ್ಲಿ ಕನಿಷ್ಠ ಮುಂದಿನ ವರ್ಷ ಕಾಲಂಬೈನ್ ಬೇಡ. ಈ ಕಾರಣಕ್ಕೆ ಬ್ರಿಟನ್‌ನಲ್ಲಿರುವವರು ನೆರೆಮನೆಯಿಂದ ಗಿಡ ಕಿತ್ತು ತರುವ ಬದಲು ಬೀಜ ಬಿತ್ತಿ ಬೆಳೆಸುವುದು ಮೇಲು.

ಬಾಲ್ಕನಿ, ಕುಂಡ, ಕಲ್ಲುತೋಟಕ್ಕೆ ಜಪಾನಿನ ಕಡೆಯ ಫ್ಲಾಬೆಲ್ಲಾಟಾ. 15ರಿಂದ 30 ಸೆಂ.ಮೀ. ಎತ್ತರ, ದಪ್ಪ ನೀಲಿಹಸಿರು ಎಲೆ. ಹೂ ಹೋದ ಮೇಲೂ ಎಲೆಯ ಅಂದ ಉಳಿಯುವ ಕಾಲಂಬೈನ್ ಇದು. ಉಳಿದವಕ್ಕಿಂತ ಬೇಗ ಅರಳುವುದರಿಂದ ಬೆರಕೆಯಾಗುವ ಸಂಭವ ಕಡಿಮೆ, ಬೀಜದಿಂದ ತಾಯಿಯಂಥ ಗಿಡವೇ ಬರುವುದು ಹೆಚ್ಚು.

ಹೂವಿಗೆ ಪರಿಮಳ ಇರಲೇಬೇಕು ಎನ್ನುವವರು ಹಿಮಾಲಯದ ಫ್ರಾಗ್ರಾನ್ಸ್ ಹುಡುಕಬೇಕು. ಕಾಶ್ಮೀರ ಸೇರಿದಂತೆ ಪಶ್ಚಿಮ ಹಿಮಾಲಯದ ಎತ್ತರದ ಇಳಿಜಾರುಗಳ ಗಿಡ, ಕೆನೆಬಿಳಿ ಹೂ. ಕುಲದ ಹೆಚ್ಚಿನ ಜಾತಿಗಳಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಹಿಮಾಚಲ, ಉತ್ತರಾಖಂಡದಲ್ಲಿ ಕಾಣುವ ನೇರಳೆ ಛಾಯೆಯ ಪ್ಯುಬಿಫ್ಲೋರಾ ಕೂಡ ನಮ್ಮ ದೇಶದ್ದೇ. ಶಿಮ್ಲಾ, ನೈನಿತಾಲ್ ಕಡೆ ನೆಲೆಸಿರುವವರು ವಿದೇಶಿ ಹೈಬ್ರಿಡ್‌ಗಿಂತ ಮೊದಲು ಇವುಗಳ ಬೀಜ ಸಿಗುತ್ತದೆಯೇ ಎಂದು ವಿಚಾರಿಸಿ.

ಹೈಬ್ರಿಡ್ ಬೇಕೇ, ಶುದ್ಧ ಜಾತಿ ಬೇಕೇ

ಅಂಗಡಿಯ ಮುಂದೆ ಮೊದಲು ಕಣ್ಣಿಗೆ ಬೀಳುವುದು ಹೈಬ್ರಿಡ್‌ಗಳೇ. ಹಳೆಯದು, ಇಂದಿಗೂ ಒಳ್ಳೆಯದು ‘ಮೆಕಾನಾ’ ಮಿಶ್ರಣ. 1955ರಲ್ಲಿ, ಹೊಸ ತಳಿಗಳಿಗೆ ಕೊಡುವ ಆಲ್ ಅಮೆರಿಕಾ ಸೆಲೆಕ್ಷನ್ಸ್ ಪ್ರಶಸ್ತಿ ಪಡೆದದ್ದು. ಉದ್ದ ಬಾಲ, ಎರಡು ಬಣ್ಣದ ಹೂ, 75ರಿಂದ 90 ಸೆಂ.ಮೀ. ಎತ್ತರ. ‘ಸಾಂಗ್‌ಬರ್ಡ್’ ಸರಣಿಯಲ್ಲಿ ಬೇಕಾದ ಬಣ್ಣವನ್ನೇ ಆರಿಸಬಹುದು. ‘ವಿಂಕಿ’ ಗಿಡ್ಡ, ಹೂ ಮೇಲ್ಮುಖ, ಕುಂಡಕ್ಕೆ ಚೆನ್ನ. ಹೂವಿನ ಗಾತ್ರಕ್ಕೂ ಬಣ್ಣಕ್ಕೂ ಹೈಬ್ರಿಡ್ ಗೆಲ್ಲುತ್ತದೆ. ಆಯುಷ್ಯದಲ್ಲಿ ಸೋಲುತ್ತದೆ: ಕಾಲಂಬೈನ್‌ಗಳೆಲ್ಲ ಮೂರ್ನಾಲ್ಕು ವರ್ಷದ ಗಿಡಗಳೇ, ಹೈಬ್ರಿಡ್‌ಗಳಲ್ಲಿ ಅನೇಕವು ಎರಡು-ಮೂರು ವರ್ಷಕ್ಕೇ ಸೊರಗುತ್ತವೆ. ಬೀಜ ಉಳಿಸಿ ಬಿತ್ತಿದರೆ ಅದೇ ಬಣ್ಣ ಬರುವುದಿಲ್ಲ.

‘ನೋರಾ ಬಾರ್ಲೋ’ ಥರದ ಸುತ್ತುಹೂಗಳ ವಿಷಯ ಬೇರೆ. ಚಾರ್ಲ್ಸ್ ಡಾರ್ವಿನ್ನರ ಮೊಮ್ಮಗಳ ಹೆಸರು ಹೊತ್ತ ಈ ತಳಿಯ ಹೂವಿನಲ್ಲಿ ದಳಗಳು ಒತ್ತೊತ್ತಾಗಿರುತ್ತವೆ, ಬಾಲವೇ ಇಲ್ಲ. ಹೂದಾನಿಗೆ ಸೊಗಸು. ಬಾಲವಿಲ್ಲದ ಮೇಲೆ ಮಕರಂದದ ಆಸೆಗೆ ಬರುವ ದುಂಬಿ, ಹಕ್ಕಿಗೆ ಅದರಲ್ಲಿ ಹೆಚ್ಚೇನೂ ಸಿಗದು. ತೋಟದಲ್ಲಿ ಜೀವಸಂಚಾರ ಬೇಕೆನ್ನುವವರು ಇದನ್ನು ಒಂದೆರಡು ಗಿಡಕ್ಕೆ ಮಿತಿಗೊಳಿಸಿ.

ಬೇರೆ ಬೇರೆ ಬಗೆಗಳನ್ನು ಒಟ್ಟಿಗೆ ನೆಡುವವರು ಒಂದು ಮಾತು ನೆನಪಿಡಬೇಕು. ಕಾಲಂಬೈನ್ ಜಾತಿಗಳು ಒಂದರೊಡನೊಂದು ಸಲೀಸಾಗಿ ಬೆರೆಯುತ್ತವೆ. ಮೂರನೇ ವರ್ಷಕ್ಕೆ ತಾಯಿಗಿಡ ಹೋಗಿ, ಉದುರಿದ ಬೀಜದ ಸಸಿಗಳು ಆ ಜಾಗ ತುಂಬಿಕೊಂಡಾಗ ಬಣ್ಣ ಮಂಕಾದ ನೇರಳೆ-ಗುಲಾಬಿಯ ಕಡೆ ಜಾರಿರುತ್ತದೆ. “ಗಿಡ ಬಣ್ಣ ಬದಲಿಸಿತು” ಎಂದು ಜನ ಹೇಳುವುದು ಇದನ್ನೇ. ಅದು ಅದೇ ಗಿಡವಲ್ಲ, ಅದರ ಮಕ್ಕಳು. ಶುದ್ಧ ಬಣ್ಣ ಉಳಿಯಬೇಕಾದರೆ ಒಂದು ತೋಟಕ್ಕೆ ಒಂದೇ ಜಾತಿ ಇಟ್ಟುಕೊಳ್ಳಿ. ಇಲ್ಲವೇ ಹೂ ಬಾಡಿದ ಕೂಡಲೇ ಕಾಂಡ ಕತ್ತರಿಸಿ, ಎರಡು ವರ್ಷಕ್ಕೊಮ್ಮೆ ಹೊಸ ಬೀಜ ಕೊಂಡು ಬಿತ್ತಿ.

ಬೀಜವೋ, ಕುಂಡದ ಗಿಡವೋ, ಒಣಬೇರೋ

ಸಮಯವಿದ್ದವರಿಗೆ ಬೀಜ, ಈ ವರ್ಷವೇ ಹೂ ಬೇಕಾದವರಿಗೆ ಕುಂಡದ ಗಿಡ. ಮಣ್ಣಿಲ್ಲದೆ ಪೊಟ್ಟಣದಲ್ಲಿ ಬರುವ ಒಣಬೇರನ್ನು ನಾವು ಶಿಫಾರಸು ಮಾಡುವುದಿಲ್ಲ: ಕಾಲಂಬೈನ್‌ಗೆ ಇರುವುದು ಆಳಕ್ಕಿಳಿಯುವ ತಾಯಿಬೇರು, ಅದು ಮುರಿದೋ ಒಣಗಿಯೋ ಬಂದಿದ್ದರೆ ಮಣ್ಣಿನಲ್ಲಿ ಕೊಳೆಯುತ್ತದೆ. ಬೆಳೆದ ಗಿಡವನ್ನು ಅಗೆದು ಭಾಗ ಮಾಡುವುದೂ ಇದೇ ಕಾರಣಕ್ಕೆ ಕೈಗೂಡುವುದು ಕಡಿಮೆ.

ಬೀಜ ಸಾಸಿವೆಯಷ್ಟು ಚಿಕ್ಕದು, ಕಪ್ಪು, ಹೊಳಪು. ಆಗತಾನೇ ಬಲಿತ ಬೀಜ ಸುಲಭವಾಗಿ ಮೊಳೆಯುತ್ತದೆ. ಪೊಟ್ಟಣದ ಬೀಜ, ಅದರಲ್ಲೂ ಕಾಡುಜಾತಿಗಳದ್ದು, ಒಣಗಿ ನಿದ್ರೆಗೆ ಹೋಗಿರುತ್ತದೆ. ಅದಕ್ಕೆ ತೇವದೊಡನೆ ಚಳಿ ಬೇಕು. ಫೆಬ್ರವರಿ ಮೊದಲ ವಾರ ಬೀಜವನ್ನು ಎರಡು ಚಮಚ ಒದ್ದೆ ಮರಳಿನಲ್ಲಿ ಕಲಸಿ, ಜಿಪ್ ಚೀಲದಲ್ಲಿ ಹಾಕಿ, ತಾರೀಖು ಬರೆದು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಸುಮಾರು 4 ಡಿಗ್ರಿಯಲ್ಲಿ 3–4 ವಾರ ಇಡಿ. ಫ್ರೀಜರ್ ಬೇಡ. ಆಮೇಲೆ ಟ್ರೇಗೆ ಎರಡು ಭಾಗ ಕೋಕೋಪೀಟ್ ಅಥವಾ ಬಿತ್ತನೆ ಮಣ್ಣು, ಒಂದು ಭಾಗ ಪರ್ಲೈಟ್ ತುಂಬಿ, ನೀರುಣಿಸಿ, ಬೀಜವನ್ನು ಮರಳಿನೊಡನೆಯೇ ಮೇಲೆ ಹರಡಿ, ಹಲಗೆಯಿಂದ ಮೆಲ್ಲಗೆ ಒತ್ತಿ. ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. 18ರಿಂದ 21 ಡಿಗ್ರಿ ಬಿಸಿಯಲ್ಲಿ 3–4 ವಾರ ಹಿಡಿಯುತ್ತದೆ. ನೀರನ್ನು ಮೇಲಿಂದ ಸುರಿಯದೆ ಟ್ರೇಯ ತಳದಿಂದ ಹೀರಿಸಿ.

ಇಷ್ಟೂ ರಗಳೆ ಬೇಡವೆನ್ನುವವರಿಗೆ ಹಿಮ ಬೀಳುವ ಊರಿನಲ್ಲಿ ಇನ್ನೂ ಸುಲಭದ ದಾರಿಯಿದೆ. ತಳಕ್ಕೆ ತೂತು ಮಾಡಿದ ಹಾಲಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ 10 ಸೆಂ.ಮೀ. ಮಣ್ಣು ಹಾಕಿ, ಡಿಸೆಂಬರ್-ಜನವರಿಯಲ್ಲಿ ಬೀಜ ಉದುರಿಸಿ, ಮುಚ್ಚಳ ತೆಗೆದು ಹೊರಗೆ ಇಟ್ಟುಬಿಡಿ. ಚಳಿ ತಾನೇ ಕೆಲಸ ಮಾಡುತ್ತದೆ, ವಸಂತದಲ್ಲಿ ಮೊಳಕೆ ಬರುತ್ತದೆ. ನಮ್ಮ ಮತ ಇದಕ್ಕೇ.

ಬೀಜ ಮೊಳೆಯದಿರಲು ಕಾರಣ ಹೆಚ್ಚಾಗಿ ಮೂರು: ಆಳದಲ್ಲಿ ಹೂತದ್ದು, ಮೊಳೆಯುವ ಹಂತದಲ್ಲಿ ಒಂದೇ ಒಂದು ದಿನ ಮೇಲ್ಮಣ್ಣು ಒಣಗಿದ್ದು, ಅಥವಾ ಬೀಜ ಹಳೆಯದಾಗಿದ್ದು. ನಾಲ್ಕು ವಾರಕ್ಕೂ ಮೊಳೆಯದಿದ್ದರೆ ಟ್ರೇಯನ್ನು ಚೆಲ್ಲಬೇಡಿ. ಇನ್ನೊಮ್ಮೆ ಮೂರು ವಾರ ಫ್ರಿಜ್ಜಿನಲ್ಲಿಟ್ಟು ಹೊರತೆಗೆದರೆ ಎಷ್ಟೋ ಸಲ ಬರುತ್ತದೆ. ಮೊಳೆತ ಮೇಲೆ ಬುಡ ಕಪ್ಪಾಗಿ ಸಸಿ ಮಲಗಿದರೆ ಅದು ಸಸಿ ಕೊಳೆ ರೋಗ. ನೀರು ಕಡಿಮೆ ಮಾಡಿ ಗಾಳಿ ಆಡಿಸಿ. ಬೀಜದಳ ಬಿಟ್ಟು ಎರಡು-ಮೂರು ನಿಜ ಎಲೆ ಬಂದಾಗ 9 ಸೆಂ.ಮೀ. ಕುಂಡಕ್ಕೆ ಬದಲಿಸಿ. ತಡಮಾಡಿದರೆ ತಾಯಿಬೇರು ಟ್ರೇಯ ತಳ ಮುಟ್ಟಿ ಸುರುಳಿಯಾಗುತ್ತದೆ, ಅಂಥ ಗಿಡ ಮುಂದೆ ಸುಧಾರಿಸುವುದಿಲ್ಲ.

ಬೀಜದ ಗಿಡ ಮೊದಲ ವರ್ಷ ಎಲೆಯನ್ನಷ್ಟೇ ಕೊಡುತ್ತದೆ, ಹೂ ಎರಡನೇ ವಸಂತಕ್ಕೆ. ಹತ್ತು-ಹನ್ನೆರಡು ಎಲೆಯಷ್ಟು ಬೆಳೆದ ಗಿಡ ಎರಡು-ಮೂರು ತಿಂಗಳು ಚಳಿ ಉಂಡ ಮೇಲೆಯೇ ಮೊಗ್ಗು ಕಟ್ಟುವುದು. ಸೆಪ್ಟೆಂಬರ್‌ನಲ್ಲಿ ತಡವಾಗಿ ಬಿತ್ತಿದ ಎಳೆಸಸಿ ಚಳಿಗಾಲ ಕಳೆದರೂ ಆ ವಸಂತದಲ್ಲಿ ಹೂ ಬಿಡದಿರಲು ಇದೇ ಕಾರಣ.

ಕುಂಡದ ಗಿಡ ಕೊಳ್ಳುವಾಗ ಹೂ ತುಂಬಿದ್ದನ್ನು ಬಿಟ್ಟು ಮೊಗ್ಗಿರುವುದನ್ನು ಆರಿಸಿ. ತಳದ ತೂತಿನಿಂದ ಬೇರು ಹೊರಬಂದು ಹೆಣೆದುಕೊಂಡಿದ್ದರೆ ಬೇಡ. ಎಲೆ ತಿರುಗಿಸಿ ಅಡಿಭಾಗದಲ್ಲಿ ಬೂಜು, ಹುಳು ಇವೆಯೇ ಎಂದು ನೋಡಿ. ನೆಡುವಾಗ ಗಿಡದ ನೆತ್ತಿ, ಅಂದರೆ ಎಲೆಗಳು ಹೊರಡುವ ಜಾಗ, ಮಣ್ಣಿನ ಮಟ್ಟಕ್ಕೇ ಇರಬೇಕು, ಒಂದೆರಡು ಸೆಂ.ಮೀ. ಒಳಗೆ ಹೋದರೂ ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ 30ರಿಂದ 45 ಸೆಂ.ಮೀ., ಗಿಡ್ಡ ತಳಿಗೆ 20. ಮಣ್ಣಿನ ರಸಸಾರ (pH) 6ರಿಂದ 7 ಇದ್ದರೆ ಸಾಕು. ನೆಡುವಾಗ ಬೊಗಸೆಯಷ್ಟು ಕೊಳೆತ ಕಾಂಪೋಸ್ಟ್, ಆಮೇಲೆ ವಸಂತಕ್ಕೊಮ್ಮೆ ಅಷ್ಟೇ. ಒಣ ಎಲೆ, ಹುಲ್ಲಿನ ಮುಚ್ಚಿಗೆ ಹಾಕುವವರು ನೆತ್ತಿಯ ಸುತ್ತ ನಾಲ್ಕು ಬೆರಳು ಜಾಗ ಬಿಡಿ.

ಕಾಟಗಳು, ಅವುಗಳಲ್ಲಿ ಯಾವುದಕ್ಕೆ ಹೆದರಬೇಕು

ಎಲೆಯ ಮೇಲೆ ಬಿಳಿ ಗೆರೆಗಳ ಸುತ್ತಾಟ ಕಂಡರೆ ರಂಗೋಲಿ ಹುಳು. ನೋಡಲು ಕೆಟ್ಟದಾಗಿರುತ್ತದೆ, ಗಿಡ ಸಾಯುವುದಿಲ್ಲ. ಔಷಧಿ ಹೊಡೆಯಬೇಡಿ, ಹುಳು ಎಲೆಯ ಎರಡು ಪದರದ ನಡುವೆ ಕೂತಿರುವುದರಿಂದ ಮೇಲಿನ ಸಿಂಪಡಣೆ ಮುಟ್ಟುವುದಿಲ್ಲ, ಗಿಡದೊಳಗೆ ಇಳಿಯುವ ಔಷಧಿ ಮಕರಂದಕ್ಕೂ ಸೇರಿ ದುಂಬಿಗೆ ಕುತ್ತು. ಹೂ ಮುಗಿದ ಮೇಲೆ ಎಲೆಯನ್ನೆಲ್ಲ ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಕತ್ತರಿಸಿ ಕಸಕ್ಕೆ ಹಾಕಿ, ಎರಡು ಸಲ ಚೆನ್ನಾಗಿ ನೀರು ಕೊಡಿ. ಕೆಲವೇ ವಾರಗಳಲ್ಲಿ ಹೊಸ ಎಲೆ ತುಂಬಿಕೊಳ್ಳುತ್ತದೆ. ಬೂದಿರೋಗ ಬಂದಾಗಲೂ ಇದೇ ಉಪಾಯ.

ಗರಗಸ ನೊಣದ ಮರಿಗಳಿಗೆ ಮಾತ್ರ ಹೆದರಬೇಕು. ಎಲೆಯ ಅಂಚಿಗೆ ಅಂಟಿಕೊಂಡ ತೆಳು ಹಸಿರು ಹುಳು, ಬಣ್ಣ ಎಲೆಯದೇ ಆದ್ದರಿಂದ ಕಾಣಿಸುವುದಿಲ್ಲ; ಎರಡು-ಮೂರು ದಿನದಲ್ಲಿ ದಂಟು ಮಾತ್ರ ಉಳಿಸುತ್ತದೆ. ಇಲ್ಲಿ ಅನೇಕರು ಬಿ.ಟಿ. ಎಂಬ, ಹುಳು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ ಸಿಂಪಡಿಸಿ ನಿರಾಶರಾಗುತ್ತಾರೆ. ಪತಂಗ-ಚಿಟ್ಟೆಯ ಮರಿಗಳಿಗೆ ಬಳಸುವ ಬಿ.ಟಿ. ಗರಗಸ ನೊಣದ ಮರಿಗೆ ಏನೂ ಮಾಡದು. ಬೆಳಿಗ್ಗೆ ಎಲೆಯಡಿ ಸಾಬೂನು ನೀರಿನ ಬಟ್ಟಲು ಹಿಡಿದು ಕೊಡವಿ, ಉಳಿದದ್ದನ್ನು ಕೈಯಿಂದ ಆರಿಸಿ. ಏಪ್ರಿಲ್ ಕೊನೆಯಿಂದ ಎರಡು ದಿನಕ್ಕೊಮ್ಮೆ ಎಲೆಯಡಿ ನೋಡುವ ಅಭ್ಯಾಸವೇ ನಿಜವಾದ ಮದ್ದು.

ಜಿಂಕೆ, ಮೊಲ ಸಾಮಾನ್ಯವಾಗಿ ಮುಟ್ಟುವುದಿಲ್ಲ, ಅಮೆರಿಕದ ಉಪನಗರಗಳಲ್ಲಿ ಅದು ದೊಡ್ಡ ಅನುಕೂಲ. ಆದರೆ ಬೀಜ, ಬೇರು ವಿಷಕಾರಿ. ಹೊಳೆಯುವ ಕಪ್ಪು ಬೀಜ ಪುಟ್ಟ ಮಕ್ಕಳ ಬಾಯಿಗೆ ಹೋಗದಂತೆ, ಫ್ರಿಜ್ಜಿನಲ್ಲಿಟ್ಟ ಚೀಲವನ್ನು ಯಾರೂ ಮಸಾಲೆಯೆಂದು ತೆಗೆಯದಂತೆ ದೊಡ್ಡಕ್ಷರದಲ್ಲಿ ಹೆಸರು ಬರೆದಿಡಿ.

ಕರ್ನಾಟಕದಲ್ಲಿ ಬೆಳೆಯುತ್ತದೆಯೇ

ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ. ಮೊಗ್ಗು ಕಟ್ಟಲು ಬೇಕಾದ ದೀರ್ಘ ಚಳಿ ಅದಲ್ಲ. ಬೀಜ ಮೊಳೆಯುತ್ತದೆ, ಎಲೆ ಚೆನ್ನಾಗಿ ಬರುತ್ತದೆ, ಹೂ ಬರುವುದಿಲ್ಲ, ಏಪ್ರಿಲ್ ಬಿಸಿಲಿಗೋ ಜುಲೈ ಮಳೆಗೋ ಬುಡ ಹೋಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಯೂ ಸಾಲದು. ಕರಾವಳಿಯ ಮಾತೇ ಬೇಡ. ದಕ್ಷಿಣದಲ್ಲಿ ಪ್ರಯತ್ನಕ್ಕೆ ಅರ್ಥವಿರುವುದು ಇಬ್ಬನಿ ಹೆಪ್ಪುಗಟ್ಟುವ ಊಟಿಯಂಥ ಎತ್ತರದಲ್ಲಿ ಮಾತ್ರ. ಬೆಂಗಳೂರಿನಲ್ಲಿ ಹಟ ಹಿಡಿದವರು ಚಳಿ ಬೇಡದ, ಮೊದಲ ವರ್ಷವೇ ಹೂ ಬಿಡುವ ‘ಅರ್ಲಿಬರ್ಡ್’ನಂಥ ಸರಣಿಯ ಬೀಜ ಸಿಕ್ಕರೆ ಜೂನ್-ಜುಲೈನಲ್ಲಿ ಮಳೆ ತಾಗದ ಕಡೆ ಬಿತ್ತಿ, 20 ಸೆಂ.ಮೀ. ಕುಂಡದಲ್ಲಿ, ಬೆಳಗಿನ ಬಿಸಿಲು ಮಾತ್ರ ಬೀಳುವಲ್ಲಿ ಒಂದು ಋತುವಿನ ಗಿಡವಾಗಿ ಬೆಳೆಸಬಹುದು. ಕಾಲಂಬೈನ್ ಜಾಗಕ್ಕೆ ಅದೇ ಕುಟುಂಬದ ಲಾರ್ಕ್‌ಸ್ಪರ್ ನಮ್ಮ ಚಳಿಗಾಲಕ್ಕೆ ಹೆಚ್ಚು ಒಗ್ಗುತ್ತದೆ. ಅದರ ಹೂವಿಗೂ ಹಿಂದೆ ಒಂದು ಬಾಲವಿದೆ. ಬೀಜವನ್ನು ಒಂದು ವಾರ ಫ್ರಿಜ್ಜಿನಲ್ಲಿಟ್ಟು, ಮಳೆ ಹಿಂದೆಗೆದ ಅಕ್ಟೋಬರ್ ಕೊನೆಯಲ್ಲಿ ನೇರವಾಗಿ ಪಾತಿಗೇ ಬಿತ್ತಿ, ಅರ್ಧ ಸೆಂ.ಮೀ. ಮಣ್ಣು ಮುಚ್ಚಿ, ಇದಕ್ಕೆ ಮೊಳೆಯಲು ಕತ್ತಲೆ ಬೇಕು. ಕಿತ್ತು ನೆಟ್ಟರೆ ಸೊರಗುತ್ತದೆ, ಆದ್ದರಿಂದ ಒತ್ತಾಗಿ ಬಂದ ಸಸಿಗಳನ್ನು 25 ಸೆಂ.ಮೀ. ಅಂತರಕ್ಕೆ ಕಳೆದುಬಿಡಿ.